ದೂರವ್ಯಾಪ್ತಿಯ ಬೇಟೆಯ ರೈಫಲ್ ಸ್ಕೋಪ್

ರೈಫಲ್ ಸ್ಕೋಪ್ ಅಥವಾ ಗುರಿ ದೂರದರ್ಶಕ ಎಂಬುದು ರೈಫಲ್ ಬಂದೂಕಿನ ಮೇಲ್ಭಾಗದಲ್ಲಿ, ನಳಿಗೆಯ ನೇರಕ್ಕೆ ಜೋಡಿಸಿ ಗುರಿಯಿಡಲು ಬಳಸುವ ಚಿಕ್ಕ ದೂರದರ್ಶಕವಾಗಿದೆ. ದೂರದ ವಸ್ತುವನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸುವುದರ ಜೊತೆಗೆ, ಗುರಿಯ ಬಿಂಬವನ್ನೂ ಗುರಿಗೆರೆಗಳನ್ನೂ ಒಂದೇ ಸಮತಲದಲ್ಲಿ ಕಾಣಿಸುವುದು ಇದರ ಮುಖ್ಯ ಲಕ್ಷಣ. ಸಾಮಾನ್ಯ ಕಬ್ಬಿಣದ ಗುರಿಗಳಲ್ಲಿ ಹಿಂಗುರಿ, ಮುಂಗುರಿ ಮತ್ತು ಪ್ರಾಣಿ ಮೂರೂ ಬೇರೆ ಬೇರೆ ದೂರದಲ್ಲಿರುವುದರಿಂದ ಕಣ್ಣು ಒಂದನ್ನು ಸ್ಪಷ್ಟವಾಗಿ ಕಂಡರೆ ಉಳಿದೆರಡು ಮಸುಕಾಗುತ್ತವೆ. ಸ್ಕೋಪು ಈ ತೊಡಕನ್ನು ನಿವಾರಿಸುತ್ತದೆ.

ದೂರವ್ಯಾಪ್ತಿಯ ಬೇಟೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ರಾಜ್ಯಗಳಲ್ಲಿ ಸಾಮಾನ್ಯವಾಗಿ 300 ಗಜಗಳಿಗಿಂತ (ಸುಮಾರು 275 ಮೀಟರ್) ಆಚೆಗಿನ ಹೊಡೆತಗಳನ್ನು ಹೀಗೆ ಕರೆಯುವುದುಂಟು. ಅಲ್ಲಿನ ಬಯಲುಗಳಲ್ಲಿ ಪ್ರಾಂಗ್‌ಹಾರ್ನ್, ಪರ್ವತ ಕಣಿವೆಗಳಲ್ಲಿ ಎಲ್ಕ್ ಮತ್ತು ಮ್ಯೂಲ್ ಜಿಂಕೆಗಳ ಬೇಟೆ, ನ್ಯೂಜಿಲೆಂಡಿನ ದಕ್ಷಿಣ ಆಲ್ಪ್ಸ್‌ನಲ್ಲಿ ಹಿಮಾಲಯ ಮೂಲದ ಥಾರ್ ಬೇಟೆ ಇದಕ್ಕೆ ಉದಾಹರಣೆಗಳು. ಇಂಥ ಬೇಟೆಗೆ ಸ್ಕೋಪನ್ನು ಆರಿಸುವಾಗ ಗಣನೆಗೆ ಬರುವ ಅಂಶಗಳು ಹಲವು. ಅವುಗಳಲ್ಲಿ ಜಾಹೀರಾತುಗಳು ಎತ್ತಿ ತೋರಿಸುವ ವರ್ಧನೆಯೇ ಬಹುಶಃ ಎಲ್ಲಕ್ಕಿಂತ ಕಡಿಮೆ ಮಹತ್ವದ್ದು.

ಇತಿಹಾಸ

ಬಂದೂಕಿಗೆ ದೂರದರ್ಶಕವನ್ನು ಕಟ್ಟುವ ಯತ್ನಗಳು ಹಳೆಯವು. 1776ರಲ್ಲಿ ಫಿಲಡೆಲ್ಫಿಯಾದ ಚಿತ್ರಕಾರ ಚಾರ್ಲ್ಸ್ ವಿಲ್ಸನ್ ಪೀಲ್ ಎಂಬುವನು ಖಗೋಳಜ್ಞ ಡೇವಿಡ್ ರಿಟನ್‌ಹೌಸ್‌ನ ನೆರವಿನಿಂದ ರೈಫಲ್ಲಿಗೆ ದೂರದರ್ಶಕವೊಂದನ್ನು ಜೋಡಿಸಿದನು. ಗುಂಡು ಹಾರಿಸಿದಾಗ ಬಂದೂಕು ಹಿಂದಕ್ಕೆ ಒದೆದು ನೇತ್ರಮಸೂರವು ಕಣ್ಣಿಗೆ ಬಡಿಯುತ್ತಿತ್ತು. ಕಣ್ಣಿನಿಂದ ಸಾಕಷ್ಟು ದೂರದಲ್ಲಿಟ್ಟರೂ ಪೂರ್ತಿ ಬಿಂಬ ಕಾಣಿಸಬೇಕೆಂಬ ಬೇಡಿಕೆ ಅಂದಿನಿಂದಲೂ ಈ ಉಪಕರಣದ ವಿನ್ಯಾಸವನ್ನು ರೂಪಿಸಿದೆ.

ನ್ಯೂಯಾರ್ಕ್ ರಾಜ್ಯದ ಯೂಟಿಕಾ ಪಟ್ಟಣದ ಬಂದೂಕು ತಯಾರಕ ಮಾರ್ಗನ್ ಜೇಮ್ಸ್ ತಯಾರಿಸಿದ ಸ್ಕೋಪುಗಳ ವಿವರ 1848ರಲ್ಲಿ ಪ್ರಕಟವಾದ ಜಾನ್ ಚಾಪ್‌ಮನ್‌ನ ಪುಸ್ತಕದಲ್ಲಿದೆ. 1855ರಲ್ಲಿ ಸಿರಾಕ್ಯೂಸ್ ನಗರದ ವಿಲಿಯಂ ಮಾಲ್ಕಮ್ ವರ್ಣದೋಷವನ್ನು ಕಡಿಮೆ ಮಾಡುವ ಜೋಡಿ ಮಸೂರಗಳುಳ್ಳ ಸ್ಕೋಪುಗಳ ತಯಾರಿಕೆ ಆರಂಭಿಸಿದನು. ಇವು ನಳಿಗೆಯಷ್ಟೇ ಉದ್ದದ, ತೆಳ್ಳನೆಯ ಕೊಳವೆಗಳಾಗಿದ್ದವು. ಅಮೆರಿಕದ ಅಂತರ್ಯುದ್ಧದಲ್ಲಿ ಗುರಿಕಾರರು ಸ್ಕೋಪು ಹೊತ್ತ ರೈಫಲ್ಲುಗಳನ್ನು ಬಳಸಿದರು. ಯುರೋಪಿನಲ್ಲಿ 1880ರಲ್ಲಿ ಆಸ್ಟ್ರಿಯದ ಅರಣ್ಯಾಧಿಕಾರಿ ಆಗಸ್ಟ್ ಫೀಡ್ಲರ್ ಬೇಟೆಗೆ ಒಗ್ಗುವ ಚಿಕ್ಕ ಸ್ಕೋಪನ್ನು ರೂಪಿಸಿದನು. 1898ರಲ್ಲಿ ವಿಯೆನ್ನಾದಲ್ಲಿ ಸ್ಥಾಪನೆಯಾದ ಕಾಲೆಸ್ ಸಂಸ್ಥೆ ಇಂದಿಗೂ ಈ ಕ್ಷೇತ್ರದಲ್ಲಿದೆ.

ಇಪ್ಪತ್ತನೆಯ ಶತಮಾನದ ಎರಡು ಸುಧಾರಣೆಗಳು ಸ್ಕೋಪನ್ನು ನಂಬಿಕೆಗೆ ಅರ್ಹವಾಗಿಸಿದವು. ಮೊದಲನೆಯದು ಮಸೂರಗಳ ಲೇಪನ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 4ರಷ್ಟನ್ನು ಪ್ರತಿಫಲಿಸುತ್ತದೆ. ಹನ್ನೆರಡು ಮೇಲ್ಮೈಗಳನ್ನು ದಾಟುವಷ್ಟರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಬೆಳಕು ನಷ್ಟವಾಗುತ್ತದೆ. 1935ರಲ್ಲಿ ಝೈಸ್ ಸಂಸ್ಥೆಯ ಭೌತವಿಜ್ಞಾನಿ ಅಲೆಕ್ಸಾಂಡರ್ ಸ್ಮಾಕುಲ ಕಂಡುಹಿಡಿದ ಪ್ರತಿಫಲನ ನಿರೋಧಕ ಲೇಪನ ಈ ನಷ್ಟವನ್ನು ಬಹಳಷ್ಟು ತಗ್ಗಿಸಿತು. ಎರಡನೆಯದು ಮಂಜುಗಟ್ಟುವಿಕೆಯ ನಿವಾರಣೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಭೂಮಾಪನ ಉಪಕರಣಗಳನ್ನು ತಯಾರಿಸುತ್ತಿದ್ದ ಲ್ಯೂಪೋಲ್ಡ್ ಸಂಸ್ಥೆಯ ಮಾರ್ಕಸ್ ಲ್ಯೂಪೋಲ್ಡ್, ಸ್ಕೋಪಿನೊಳಗೆ ಮಂಜು ಕಟ್ಟಿದ್ದರಿಂದ ಜಿಂಕೆಯೊಂದನ್ನು ತಪ್ಪಿಸಿಕೊಂಡನೆಂದೂ ಅದರಿಂದಲೇ ಸಂಸ್ಥೆ ಸ್ಕೋಪು ತಯಾರಿಕೆಗೆ ಇಳಿಯಿತೆಂದೂ ಆ ಕಂಪನಿಯ ಚರಿತ್ರೆ ಹೇಳುತ್ತದೆ. ಕೊಳವೆಯೊಳಗಿನ ತೇವಭರಿತ ಗಾಳಿಯನ್ನು ಹೊರಹಾಕಿ ಒಣ ಸಾರಜನಕವನ್ನು ತುಂಬಿ ಮುಚ್ಚುವ ಪದ್ಧತಿ 1940ರ ದಶಕದ ಕೊನೆಯಿಂದ ಕ್ರಮೇಣ ರೂಢಿಗೆ ಬಂದಿತು.

ಆದರೆ ದೂರದ ಬೇಟೆಯನ್ನು ವ್ಯಾಪಕಗೊಳಿಸಿದ್ದು ಸ್ಕೋಪು ಮಾತ್ರವಲ್ಲ. 1990ರ ದಶಕದಲ್ಲಿ ಕೈಯಲ್ಲಿ ಹಿಡಿಯಬಹುದಾದ ಲೇಸರ್ ದೂರಮಾಪಕಗಳು ಜನಸಾಮಾನ್ಯರ ಕೈಗೆಟುಕಿದವು. ಅಲ್ಲಿಯವರೆಗೆ 400 ಗಜದಾಚೆಯ ಜಿಂಕೆಯ ದೂರವನ್ನು ಕಣ್ಣಳತೆಯಿಂದ ಅಂದಾಜು ಮಾಡಬೇಕಾಗಿತ್ತು. ಆ ಅಂದಾಜು ತಪ್ಪಿದರೆ ಎಷ್ಟೇ ಉತ್ತಮ ಗಾಜಿದ್ದರೂ ಪ್ರಯೋಜನವಿರಲಿಲ್ಲ.

ರಚನೆ

ಸ್ಕೋಪಿನ ಮುಂತುದಿಯಲ್ಲಿ ಬೆಳಕನ್ನು ಸಂಗ್ರಹಿಸುವ ವಸ್ತುಮಸೂರವೂ ಹಿಂತುದಿಯಲ್ಲಿ ನೇತ್ರಮಸೂರವೂ ಇರುತ್ತವೆ. ವಸ್ತುಮಸೂರವು ತಲೆಕೆಳಗಾದ ಬಿಂಬವನ್ನು ಉಂಟುಮಾಡುತ್ತದೆ. ನಡುವಿನ ಒಳಕೊಳವೆಯಲ್ಲಿರುವ ಮಸೂರಗಳು ಅದನ್ನು ನೆಟ್ಟಗೆ ಮಾಡುತ್ತವೆ. ಈ ಮಸೂರಗಳ ನಡುವಿನ ಅಂತರವನ್ನು ಬದಲಿಸುವ ಮೂಲಕ ವರ್ಧನೆಯನ್ನು ಹೆಚ್ಚು ಕಡಿಮೆ ಮಾಡಲಾಗುತ್ತದೆ. ಮೇಲಿನ ತಿರುಗುಗುಂಡಿಯು ಒಳಕೊಳವೆಯನ್ನು ಮೇಲಕ್ಕೂ ಕೆಳಕ್ಕೂ, ಪಕ್ಕದ ಗುಂಡಿಯು ಎಡಕ್ಕೂ ಬಲಕ್ಕೂ ಓರೆಯಾಗಿಸುತ್ತದೆ. ಇಷ್ಟು ಸೂಕ್ಷ್ಮವಾದ ಯಂತ್ರವು ಪ್ರತಿ ಗುಂಡಿನ ಹಿನ್ನೊದೆತವನ್ನೂ ತಾಳಿಕೊಂಡು ತಾನಿದ್ದ ಜಾಗಕ್ಕೇ ಮರಳಬೇಕು. ಸ್ಕೋಪಿನ ಬೆಲೆಯ ಬಹುಪಾಲು ಗಾಜಿಗೆ ಮಾತ್ರವಲ್ಲ, ಈ ಯಂತ್ರದ ನಿಖರತೆಗೂ ಸಲ್ಲುತ್ತದೆ.

ಸ್ಕೋಪಿನ ಹೆಸರಿನಲ್ಲಿರುವ ಅಂಕಿಗಳು ಅದರ ವರ್ಧನೆಯನ್ನೂ ವಸ್ತುಮಸೂರದ ವ್ಯಾಸವನ್ನೂ ಸೂಚಿಸುತ್ತವೆ. 3–9×40 ಎಂದರೆ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವ, 40 ಮಿ.ಮೀ. ವಸ್ತುಮಸೂರದ ಸ್ಕೋಪು. 8×56 ಎಂದರೆ ವರ್ಧನೆ ಬದಲಾಗದೆ ಎಂಟು ಪಟ್ಟಿನಲ್ಲೇ ನಿಂತಿರುವ, 56 ಮಿ.ಮೀ. ಮಸೂರದ ಸ್ಕೋಪು. ಕೊಳವೆಯ ವ್ಯಾಸ ಒಂದು ಅಂಗುಲ (25.4 ಮಿ.ಮೀ.), 30 ಮಿ.ಮೀ. ಅಥವಾ 34 ಮಿ.ಮೀ. ಇರುತ್ತದೆ. ದಪ್ಪ ಕೊಳವೆ ಹೆಚ್ಚು ಬೆಳಕನ್ನು ಒಳಬಿಡುತ್ತದೆ ಎಂಬುದು ವ್ಯಾಪಕವಾದ ತಪ್ಪು ತಿಳಿವಳಿಕೆ. ಅದರಿಂದ ದೊರೆಯುವ ನಿಜವಾದ ಅನುಕೂಲವೆಂದರೆ ಒಳಕೊಳವೆಯ ಓಡಾಟಕ್ಕೆ ಹೆಚ್ಚು ಸ್ಥಳ.

ವರ್ಧನೆ

ಹತ್ತು ಪಟ್ಟು ವರ್ಧನೆಯಲ್ಲಿ 500 ಗಜ ದೂರದ ಪ್ರಾಣಿ ಬರಿಗಣ್ಣಿಗೆ 50 ಗಜದಲ್ಲಿ ಕಂಡಷ್ಟು ದೊಡ್ಡದಾಗಿ ಕಾಣುತ್ತದೆ. ಎಲ್ಕ್‌ನಂಥ ದೊಡ್ಡ ಪ್ರಾಣಿಗೆ ಗುರಿಯಿಡಲು ಇದು ಧಾರಾಳವಾಗಿ ಸಾಕು. ಅಮೆರಿಕದ ಬೇಟೆಗಾರರು ದಶಕಗಳ ಕಾಲ ನಾಲ್ಕು ಪಟ್ಟಿನ ಸ್ಥಿರ ಸ್ಕೋಪಿನಿಂದಲೇ 300 ಗಜದವರೆಗೆ ಬೇಟೆಯಾಡಿದ್ದರು. ಹಾಗಿದ್ದೂ 5–25 ಪಟ್ಟಿನ ಸ್ಕೋಪುಗಳು ಇಂದು ಬೇಟೆಯ ಹೆಸರಿನಲ್ಲೇ ಮಾರಾಟವಾಗುತ್ತವೆ. ಇವು ಕಾಗದದ ಗುರಿಯ ಮೇಲಿನ ಚಿಕ್ಕ ತೂತುಗಳನ್ನು ನೋಡಬೇಕಾದ ಸ್ಪರ್ಧಿಗಳಿಗೆ ಉಪಯುಕ್ತ. ಬೇಟೆಗಾರನಿಗೆ ಅವುಗಳಿಂದ ಮೂರು ನಷ್ಟಗಳಿವೆ.

ಮೊದಲಿಗೆ, ವರ್ಧನೆ ಹೆಚ್ಚಿದಂತೆ ದೃಷ್ಟಿಕ್ಷೇತ್ರ ಕಿರಿದಾಗುತ್ತದೆ. ಮೂರು ಪಟ್ಟಿನಲ್ಲಿ 100 ಮೀಟರ್ ದೂರದಲ್ಲಿ ಸುಮಾರು 11 ಮೀಟರ್ ಅಗಲದ ನೋಟ ಸಿಗುವ ಸ್ಕೋಪಿನಲ್ಲಿ ಒಂಬತ್ತು ಪಟ್ಟಿಗೆ ಏರಿಸಿದಾಗ ನಾಲ್ಕು ಮೀಟರಿನಷ್ಟು ಮಾತ್ರ ಉಳಿಯುತ್ತದೆ. ಗುಂಡು ಹಾರಿದ ಕ್ಷಣದಲ್ಲಿ ರೈಫಲ್ ಎಗರಿ ಪ್ರಾಣಿ ನೋಟದಿಂದ ಮರೆಯಾದರೆ, ಏಟು ಎಲ್ಲಿ ಬಿದ್ದಿತು, ಪ್ರಾಣಿ ಯಾವ ಕಡೆಗೆ ಓಡಿತು ಎಂಬುದು ತಿಳಿಯುವುದಿಲ್ಲ. ಗಾಯಗೊಂಡ ಪ್ರಾಣಿ ಕೈತಪ್ಪಿ ಹೋಗಲು ಇದೂ ಒಂದು ಕಾರಣ. ಎರಡನೆಯದಾಗಿ, ನೆಲದಿಂದೇಳುವ ಬಿಸಿಗಾಳಿಯ ಅಲುಗಾಟವೂ ಬೇಟೆಗಾರನ ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತವೆ. ಮೂರನೆಯದು ಭಾರ. ಸಾಧಾರಣ 3–9×40 ಸ್ಕೋಪು 350–400 ಗ್ರಾಂ ತೂಗಿದರೆ, 34 ಮಿ.ಮೀ. ಕೊಳವೆಯ 5–25×56 ಸ್ಕೋಪು ಒಂದು ಕಿಲೋಗ್ರಾಂ ಆಸುಪಾಸಿನಲ್ಲಿರುತ್ತದೆ. ಬೆಟ್ಟ ಹತ್ತುವವನಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ವರ್ಧನೆಯ ವ್ಯಾಪ್ತಿಯಲ್ಲಿ ಮೇಲಿನ ಅಂಕಿಗಿಂತ ಕೆಳಗಿನ ಅಂಕಿಗೇ ಹೆಚ್ಚು ಗಮನ ಕೊಡಬೇಕಾಗುತ್ತದೆ. ದೂರದ ಬೇಟೆಗೆಂದು ಹೊರಟವನಿಗೂ ಪೊದೆಯ ಮರೆಯಿಂದ 30 ಗಜದಲ್ಲಿ ಜಿಂಕೆ ಎದ್ದು ನಿಲ್ಲಬಹುದು. ಕನಿಷ್ಠ ವರ್ಧನೆಯೇ ಐದೋ ಆರೋ ಆಗಿದ್ದರೆ ಆಗ ಸ್ಕೋಪಿನಲ್ಲಿ ಕಾಣುವುದು ಕೂದಲು ಮಾತ್ರ. 2.5–10, 3–12, 3–15 ಮುಂತಾದ ವ್ಯಾಪ್ತಿಗಳು ಈ ಕಾರಣದಿಂದ ಪರ್ವತ ಬೇಟೆಯಲ್ಲಿ ಹೆಚ್ಚು ಬಳಕೆಯಲ್ಲಿವೆ.

ಬೆಳಕು ಮತ್ತು ನಿರ್ಗಮ ಪಾಪೆ

ವಸ್ತುಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ನೇತ್ರಮಸೂರದಿಂದ ಹೊರಬರುವ ಬೆಳಕಿನ ಕಂಬದ ವ್ಯಾಸ ದೊರೆಯುತ್ತದೆ. ಇದನ್ನು ನಿರ್ಗಮ ಪಾಪೆ ಎನ್ನಬಹುದು. ಕತ್ತಲಲ್ಲಿ ಯುವಕರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ.ವರೆಗೆ ಹಿಗ್ಗುತ್ತದೆ. ವಯಸ್ಸಾದಂತೆ ಇದು 5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯಾಗುತ್ತದೆ. 8×56 ಸ್ಕೋಪಿನ ನಿರ್ಗಮ ಪಾಪೆ ಸರಿಯಾಗಿ 7 ಮಿ.ಮೀ. ಜರ್ಮನಿ ಮತ್ತು ಆಸ್ಟ್ರಿಯಗಳಲ್ಲಿ ಮರದ ಅಟ್ಟಣಿಗೆಯ ಮೇಲೆ ಕುಳಿತು ಮುಸ್ಸಂಜೆಯಲ್ಲೋ ಬೆಳದಿಂಗಳಲ್ಲೋ ಕಾಡುಹಂದಿಗಾಗಿ ಕಾಯುವವರ ಮೆಚ್ಚಿನ ಸ್ಕೋಪಾಗಿ ಇದು ಬೆಳೆದುಬಂದದ್ದು ಈ ಲೆಕ್ಕದಿಂದಲೇ. ಐವತ್ತು ದಾಟಿದ ಬೇಟೆಗಾರನಿಗೆ ಅದೇ ಸ್ಕೋಪು ಹೊರಸೂಸುವ ಬೆಳಕಿನ ಒಂದು ಭಾಗ ಕಣ್ಣೊಳಗೆ ಹೋಗುವುದೇ ಇಲ್ಲ.

3–9×40 ಸ್ಕೋಪನ್ನು ಒಂಬತ್ತು ಪಟ್ಟಿನಲ್ಲಿಟ್ಟಾಗ ನಿರ್ಗಮ ಪಾಪೆ 4.4 ಮಿ.ಮೀ., ಆರು ಪಟ್ಟಿಗೆ ಇಳಿಸಿದರೆ 6.7 ಮಿ.ಮೀ. ಆದ್ದರಿಂದ ಸಂಜೆ ಮಬ್ಬಾದಾಗ ಬಿಂಬ ಕಪ್ಪಾದರೆ ವರ್ಧನೆಯನ್ನು ಇಳಿಸುವುದು ಮೊದಲ ಉಪಾಯ. ಜಿಂಕೆ ಜಾತಿಯ ಪ್ರಾಣಿಗಳು ಬಯಲಿಗೆ ಬರುವುದು ಹೆಚ್ಚಾಗಿ ಬೆಳಗಿನ ಮತ್ತು ಸಂಜೆಯ ಮಂದ ಬೆಳಕಿನಲ್ಲಿ. ಹೀಗಾಗಿ ಲೇಪನದ ಗುಣಮಟ್ಟವು ಮಧ್ಯಾಹ್ನದ ಅಂಗಡಿಯಲ್ಲಿ ತಿಳಿಯುವುದಿಲ್ಲ, ಸೂರ್ಯಾಸ್ತದ ನಂತರದ ಇಪ್ಪತ್ತು ನಿಮಿಷಗಳಲ್ಲಿ ತಿಳಿಯುತ್ತದೆ.

ವಸ್ತುಮಸೂರ ದೊಡ್ಡದಾದಷ್ಟೂ ಸ್ಕೋಪನ್ನು ಎತ್ತರದ ಬಳೆಗಳಲ್ಲಿ ಕೂರಿಸಬೇಕಾಗುತ್ತದೆ. ಆಗ ಕೆನ್ನೆ ಬಂದೂಕಿನ ಹಿಡಿಯ ಮೇಲೆ ಗಟ್ಟಿಯಾಗಿ ಕೂರದೆ ತಲೆ ಅಂತರದಲ್ಲಿ ತೂಗುತ್ತದೆ, ಕಣ್ಣಿನ ಸ್ಥಾನ ಪ್ರತಿಬಾರಿಯೂ ಬದಲಾಗುತ್ತದೆ. ಬಹುತೇಕ ಪರ್ವತ ಬೇಟೆಗೆ 40ರಿಂದ 50 ಮಿ.ಮೀ. ಮಸೂರ ಸಾಕಾಗುತ್ತದೆ.

ಗುರಿಗೆರೆಗಳು ಮತ್ತು ನಾಭಿತಲ

ಸ್ಕೋಪಿನೊಳಗೆ ಕಾಣುವ ಗೆರೆಗಳ ವಿನ್ಯಾಸಕ್ಕೆ ರೆಟಿಕಲ್ ಎಂದು ಹೆಸರು. 1962ರಲ್ಲಿ ಲ್ಯೂಪೋಲ್ಡ್ ಸಂಸ್ಥೆ ತಂದ, ಅಂಚಿನಲ್ಲಿ ದಪ್ಪವಾಗಿ ನಡುವೆ ತೆಳುವಾಗುವ ಡ್ಯೂಪ್ಲೆಕ್ಸ್ ಗೆರೆಗಳು ಬೇಟೆಯಲ್ಲಿ ಅತ್ಯಂತ ಜನಪ್ರಿಯವಾದವು. ದಪ್ಪ ಗೆರೆಗಳು ಮಬ್ಬಿನಲ್ಲೂ ಕಣ್ಣನ್ನು ಮಧ್ಯಕ್ಕೆ ಎಳೆಯುತ್ತವೆ, ತೆಳುಗೆರೆಗಳು ಗುರಿಯನ್ನು ಮರೆಮಾಡುವುದಿಲ್ಲ. ದೂರದ ಬೇಟೆಗೆ ಮೀಸಲಾದ ರೆಟಿಕಲ್‌ಗಳಲ್ಲಿ ಮಧ್ಯಬಿಂದುವಿನ ಕೆಳಗೂ ಪಕ್ಕಗಳಲ್ಲೂ ಅಳತೆಯ ಗುರುತುಗಳಿರುತ್ತವೆ. ಗುಂಡಿನ ಇಳಿತಕ್ಕೂ ಗಾಳಿಗೂ ತಕ್ಕಂತೆ ಆ ಗುರುತುಗಳನ್ನೇ ಗುರಿಯ ಮೇಲಿಡಬಹುದು.

ರೆಟಿಕಲ್ ಯಾವ ನಾಭಿತಲದಲ್ಲಿದೆ ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಮೊದಲ ನಾಭಿತಲದಲ್ಲಿದ್ದರೆ ವರ್ಧನೆಯೊಡನೆ ಗೆರೆಗಳೂ ಹಿಗ್ಗಿ ಕುಗ್ಗುತ್ತವೆ, ಹಾಗಾಗಿ ಗುರುತುಗಳ ಅಳತೆ ಎಲ್ಲ ವರ್ಧನೆಗಳಲ್ಲೂ ಸರಿಯಾಗಿರುತ್ತದೆ. ಎರಡನೆಯ ನಾಭಿತಲದಲ್ಲಿದ್ದರೆ ಗೆರೆಗಳ ಗಾತ್ರ ಕಣ್ಣಿಗೆ ಒಂದೇ ಸಮನಾಗಿರುತ್ತದೆ, ಆದರೆ ಗುರುತುಗಳ ಅಳತೆ ಒಂದು ನಿಗದಿತ ವರ್ಧನೆಯಲ್ಲಿ, ಸಾಮಾನ್ಯವಾಗಿ ಗರಿಷ್ಠ ವರ್ಧನೆಯಲ್ಲಿ, ಮಾತ್ರ ಸರಿಯಾಗಿರುತ್ತದೆ. 4–16 ಪಟ್ಟಿನ ಇಂಥ ಸ್ಕೋಪನ್ನು ಎಂಟಕ್ಕೆ ಇಳಿಸಿದರೆ ಪ್ರತಿಯೊಂದು ಗುರುತೂ ಎರಡರಷ್ಟು ಅಳತೆಯನ್ನು ಸೂಚಿಸುತ್ತದೆ. ಆತುರದಲ್ಲಿ ಇದನ್ನು ಮರೆತವನ ಗುಂಡು ಪ್ರಾಣಿಯ ಬೆನ್ನ ಮೇಲಿಂದ ಹಾರಿಹೋಗುತ್ತದೆ. ಯುರೋಪಿನ ಸಂಪ್ರದಾಯ ಮೊದಲ ನಾಭಿತಲದ್ದು, ಅಮೆರಿಕದ್ದು ಎರಡನೆಯದು. ಮೊದಲ ನಾಭಿತಲದ ಸ್ಕೋಪಿಗೂ ಒಂದು ಕೊರತೆಯುಂಟು: ಕಡಿಮೆ ವರ್ಧನೆಯಲ್ಲಿ ಗೆರೆಗಳು ಕೂದಲಿನಂತೆ ತೆಳುವಾಗಿ, ಕಾಡಿನ ನೆರಳಿನಲ್ಲಿ ಕಾಣದೇ ಹೋಗಬಹುದು. ಬ್ಯಾಟರಿಯಿಂದ ಬೆಳಗುವ ಮಧ್ಯಬಿಂದು ಇದಕ್ಕೆ ಪರಿಹಾರ.

ಕೋನಮಾನ ಮತ್ತು ತಿರುಗುಗುಂಡಿಗಳು

ಸ್ಕೋಪಿನ ಹೊಂದಾಣಿಕೆಯನ್ನು ಕೋನದಲ್ಲಿ ಅಳೆಯಲಾಗುತ್ತದೆ. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗವಾದ ಮಿನಿಟ್ 100 ಗಜದಲ್ಲಿ 1.047 ಅಂಗುಲಕ್ಕೆ (2.66 ಸೆಂ.ಮೀ.) ಸಮ. ರೇಡಿಯನ್ನಿನ ಸಾವಿರದ ಒಂದು ಭಾಗವಾದ ಮಿಲ್ 100 ಮೀಟರಿನಲ್ಲಿ 10 ಸೆಂ.ಮೀ.ಗೆ ಸಮ. ಗುಂಡಿಯನ್ನು ತಿರುಗಿಸಿದಾಗ ಕೇಳಿಸುವ ಒಂದೊಂದು ಕ್ಲಿಕ್ ಸಾಮಾನ್ಯವಾಗಿ ಕಾಲು ಮಿನಿಟ್ ಅಥವಾ 0.1 ಮಿಲ್ ಆಗಿರುತ್ತದೆ. ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಹುರುಳಿಲ್ಲ. ರೆಟಿಕಲ್ ಮತ್ತು ಗುಂಡಿಗಳು ಒಂದೇ ಮಾನದಲ್ಲಿದ್ದರೆ ಸಾಕು. ಮಿಲ್ ಗೆರೆಗಳ ಜೊತೆ ಮಿನಿಟ್ ಗುಂಡಿಗಳಿದ್ದ ಸ್ಕೋಪುಗಳು ಒಂದು ಕಾಲದಲ್ಲಿ ಸಾಮಾನ್ಯವಾಗಿದ್ದವು, ಅವುಗಳನ್ನು ಬಳಸುವವರು ಬೆಟ್ಟದ ಮೇಲೆ ಕುಳಿತು 3.44ರಿಂದ ಗುಣಿಸಬೇಕಾಗುತ್ತಿತ್ತು.

.308 ವಿಂಚೆಸ್ಟರ್ ತೋಟಾದ 168 ಗ್ರೇನ್ ಗುಂಡನ್ನು 200 ಗಜಕ್ಕೆ ಸರಿಹೊಂದಿಸಿದರೆ, ಅದು 300 ಗಜದಲ್ಲಿ ಗುರಿರೇಖೆಯಿಂದ ಸುಮಾರು 22 ಸೆಂ.ಮೀ., 400 ಗಜದಲ್ಲಿ 60 ಸೆಂ.ಮೀ., 500 ಗಜದಲ್ಲಿ 125 ಸೆಂ.ಮೀ. ಆಸುಪಾಸು ಕೆಳಗಿಳಿಯುತ್ತದೆ. 500 ಗಜದ ಇಳಿತವನ್ನು ಸರಿದೂಗಿಸಲು ಕಾಲು ಮಿನಿಟಿನ ಸುಮಾರು 37 ಕ್ಲಿಕ್‌ಗಳನ್ನು ತಿರುಗಿಸಬೇಕು. ಗುಂಡಿ ಹೇಳಿದ್ದಕ್ಕಿಂತ ಶೇ. 5ರಷ್ಟು ಹೆಚ್ಚು ಕಡಿಮೆ ಚಲಿಸಿದರೆ ಅದೊಂದರಿಂದಲೇ 6 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಅಗ್ಗದ ಸ್ಕೋಪುಗಳು ಸೋಲುವುದು ಹೆಚ್ಚಾಗಿ ಇಲ್ಲಿ. ಅವುಗಳ ಬಿಂಬ ಸ್ವಚ್ಛವಾಗಿಯೇ ಇರಬಹುದು, ಆದರೆ ಹತ್ತು ಬಾರಿ ಏರಿಸಿ ಇಳಿಸಿದ ಮೇಲೆ ಗುರಿ ಮೊದಲಿನ ಜಾಗಕ್ಕೆ ಮರಳಿರುವುದಿಲ್ಲ.

ಇದನ್ನು ಪರೀಕ್ಷಿಸುವ ವಿಧಾನ ಸರಳ. 100 ಗಜದಲ್ಲಿ ಎತ್ತರದ ಹಲಗೆಯೊಂದನ್ನು ನಿಲ್ಲಿಸಿ, ತೂಗುಗುಂಡಿನ ಸಹಾಯದಿಂದ ಅದರ ಮೇಲೆ ನೆಟ್ಟನೆಯ ಗೆರೆಯೊಂದನ್ನು ಎಳೆಯಲಾಗುತ್ತದೆ. ಬುಡದ ಬಿಂದುವಿಗೆ ಕೆಲವು ಗುಂಡುಗಳನ್ನು ಹೊಡೆದ ಬಳಿಕ ಗುಂಡಿಯನ್ನು 20 ಮಿನಿಟ್ ಮೇಲಕ್ಕೆ ತಿರುಗಿಸಿ ಅದೇ ಬುಡದ ಬಿಂದುವಿಗೇ ಮತ್ತೆ ಗುರಿಯಿಟ್ಟು ಹೊಡೆಯಬೇಕು. ಹೊಸ ತೂತುಗಳು 53 ಸೆಂ.ಮೀ. ಮೇಲೆ, ಗೆರೆಯ ಮೇಲೆಯೇ ಬೀಳಬೇಕು. ಎತ್ತರ ತಪ್ಪಿದರೆ ಗುಂಡಿಯ ದೋಷ, ಪಕ್ಕಕ್ಕೆ ಸರಿದರೆ ಸ್ಕೋಪು ಓರೆಯಾಗಿ ಕೂತಿದೆ ಎಂದರ್ಥ. ಕೊನೆಗೆ ಗುಂಡಿಯನ್ನು ಶೂನ್ಯಕ್ಕೆ ಇಳಿಸಿ ಹೊಡೆದ ಗುಂಡು ಮೊದಲಿನ ತೂತುಗಳ ನಡುವೆ ಸೇರಬೇಕು.

ಗುಂಡಿಯನ್ನು ಶೂನ್ಯಕ್ಕಿಂತ ಕೆಳಗೆ ಹೋಗದಂತೆ ತಡೆಯುವ ಶೂನ್ಯತಡೆ ಇರುವ ಸ್ಕೋಪು ಬೇಟೆಗೆ ಅನುಕೂಲ. 500 ಗಜಕ್ಕೆಂದು ಏರಿಸಿದ ಗುಂಡಿಯನ್ನು ಇಳಿಸಲು ಮರೆತು, ಮುಂದಿನ ಪ್ರಾಣಿಯನ್ನು 100 ಗಜದಲ್ಲಿ ಹೊಡೆಯಲು ಹೋದರೆ ಗುಂಡು ಸುಮಾರು 30 ಸೆಂ.ಮೀ. ಮೇಲೆ ಹೋಗುತ್ತದೆ. ಶೂನ್ಯತಡೆಯಿದ್ದರೆ ಕತ್ತಲಲ್ಲೂ ಕೈಯಿಂದಲೇ ತಿರುಗಿಸಿ ಖಚಿತಪಡಿಸಿಕೊಳ್ಳಬಹುದು. ಹೊರಗೆ ತೆರೆದಿರುವ ಗುಂಡಿ ಪೊದೆಗೋ ಚೀಲಕ್ಕೋ ಉಜ್ಜಿ ತಾನಾಗಿ ತಿರುಗುವುದನ್ನು ತಡೆಯಲು ಬೀಗವೂ ಬೇಕು.

ಕೆಲವು ತಯಾರಕರು ನಿರ್ದಿಷ್ಟ ತೋಟಾಕ್ಕೆ ಹೊಂದುವಂತೆ ದೂರದ ಅಂಕಿಗಳನ್ನೇ ಕೆತ್ತಿದ ಗುಂಡಿಗಳನ್ನು ಒದಗಿಸುತ್ತಾರೆ. ಇವು ಕೆತ್ತುವಾಗ ಊಹಿಸಿದ ಎತ್ತರ ಮತ್ತು ಉಷ್ಣತೆಗೆ ಮಾತ್ರ ಸರಿ. ಸಮುದ್ರಮಟ್ಟದ ಬಯಲಿನಲ್ಲಿ ಸಿದ್ಧಪಡಿಸಿದ ರೈಫಲ್ಲನ್ನು 3000 ಮೀಟರ್ ಎತ್ತರದ ಪರ್ವತಕ್ಕೆ ಒಯ್ದರೆ ಅಲ್ಲಿನ ತೆಳುಗಾಳಿಯಲ್ಲಿ ಗುಂಡಿನ ವೇಗ ಅಷ್ಟು ಬೇಗ ಕುಂದುವುದಿಲ್ಲ, ದೂರದ ಹೊಡೆತಗಳು ನಿರೀಕ್ಷೆಗಿಂತ ಮೇಲೆ ಬೀಳುತ್ತವೆ.

ಪ್ಯಾರಲಾಕ್ಸ್

ಗುರಿಯ ಬಿಂಬ ಮತ್ತು ರೆಟಿಕಲ್ ಒಂದೇ ಸಮತಲದಲ್ಲಿ ಇಲ್ಲದಿದ್ದರೆ, ಕಣ್ಣನ್ನು ಸ್ವಲ್ಪ ಸರಿಸಿದಾಗ ಗೆರೆಗಳು ಗುರಿಯ ಮೇಲೆ ತೇಲಿದಂತೆ ಕಾಣುತ್ತವೆ. ಇದೇ ಪ್ಯಾರಲಾಕ್ಸ್ ದೋಷ. ಹೊಂದಾಣಿಕೆಯಿಲ್ಲದ ಬೇಟೆ ಸ್ಕೋಪುಗಳನ್ನು ಕಾರ್ಖಾನೆಯಲ್ಲೇ 100 ಅಥವಾ 150 ಗಜಕ್ಕೆ ನಿಗದಿಪಡಿಸಿರುತ್ತಾರೆ. 100 ಗಜಕ್ಕೆ ನಿಗದಿಯಾದ, 40 ಮಿ.ಮೀ. ಮಸೂರದ ಸ್ಕೋಪಿನಲ್ಲಿ 400 ಗಜದ ಗುರಿಯನ್ನು ನೋಡಿದಾಗ, ಕಣ್ಣು ಪೂರ್ತಿ ಅಂಚಿಗೆ ಸರಿದಿದ್ದರೆ ದೋಷ ಗರಿಷ್ಠ 6 ಸೆಂ.ಮೀ. ಆಗುತ್ತದೆ. ಕಣ್ಣು ಮಧ್ಯದಲ್ಲಿದ್ದರೆ ದೋಷವೇ ಇಲ್ಲ. ಸಾಮಾನ್ಯ ಬೇಟೆಯಲ್ಲಿ ಇದನ್ನು ಕಡೆಗಣಿಸಬಹುದಾದರೂ 400 ಗಜದಾಚೆಗೆ ಪಕ್ಕದ ಗುಂಡಿಯಿಂದ ಪ್ಯಾರಲಾಕ್ಸ್ ಸರಿಪಡಿಸುವ ಸ್ಕೋಪು ಉತ್ತಮ.

ಜೋಡಣೆ

ಬೆಲೆಬಾಳುವ ಸ್ಕೋಪನ್ನು ಅಗ್ಗದ ಬಳೆಗಳಲ್ಲಿ ಕೂರಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಬಳೆಗಳ ತಿರುಪುಗಳನ್ನು ತಯಾರಕರು ಸೂಚಿಸಿದ ಬಲದಷ್ಟೇ ಬಿಗಿಯಬೇಕು. ಸಡಿಲವಾದರೆ ಸ್ಕೋಪು ಜಾರುತ್ತದೆ, ಅತಿಯಾದರೆ ಕೊಳವೆ ನಸುಗ್ಗಿ ಒಳಗಿನ ಚಲನೆ ಬಿಗಿಯಾಗುತ್ತದೆ. ನೇತ್ರಮಸೂರ ಮತ್ತು ಕಣ್ಣಿನ ನಡುವೆ 9ರಿಂದ 10 ಸೆಂ.ಮೀ. ಅಂತರವಿರಬೇಕು. ಬೆಟ್ಟದ ಮೇಲ್ಮುಖವಾಗಿ ಗುರಿಯಿಡುವಾಗ ಈ ಅಂತರ ಕಡಿಮೆಯಾಗಿ ಹುಬ್ಬಿನ ಮೇಲೆ ಅರ್ಧಚಂದ್ರಾಕಾರದ ಗಾಯವಾಗುವುದುಂಟು.

ರೈಫಲ್ಲನ್ನು ಓರೆಯಾಗಿ ಹಿಡಿದರೂ ದೋಷ ಬರುತ್ತದೆ. ಮೇಲೆ ಹೇಳಿದ .308 ಗುಂಡಿಗೆ 500 ಗಜದಲ್ಲಿ ಐದು ಡಿಗ್ರಿಯ ಓರೆ ಹದಿನೈದು ಸೆಂ.ಮೀ. ಆಸುಪಾಸು ಪಕ್ಕಕ್ಕೆ ಒಯ್ಯುತ್ತದೆ. ಇಳಿಜಾರಿನಲ್ಲಿ ಕುಳಿತವನಿಗೆ ದಿಗಂತವೇ ಓರೆಯಾಗಿ ಕಾಣುವುದರಿಂದ ಕೊಳವೆಗೆ ಕಟ್ಟುವ ಪುಟ್ಟ ಗುಳ್ಳೆಮಟ್ಟ ಉಪಯುಕ್ತ.

ಸ್ಕೋಪಿನ ಮಿತಿಗಳು

ಸ್ಕೋಪು ಪ್ರಾಣಿಯನ್ನು ಹತ್ತಿರ ತೋರಿಸುತ್ತದೆಯೇ ಹೊರತು ಹತ್ತಿರ ತರುವುದಿಲ್ಲ. ಮ್ಯೂಲ್ ಜಿಂಕೆಯ ಎದೆಗೂಡಿನಲ್ಲಿ ಹೃದಯ ಮತ್ತು ಶ್ವಾಸಕೋಶಗಳಿರುವ, ಏಟು ಬಿದ್ದರೆ ಬೇಗನೆ ಸಾವು ಬರುವ ಭಾಗದ ವ್ಯಾಸ ಸುಮಾರು 25 ಸೆಂ.ಮೀ. ಮೇಜಿನ ಮೇಲಿಟ್ಟು ಹೊಡೆದಾಗ ಒಂದು ಮಿನಿಟ್ ಗುಂಪು ಕೊಡುವ ಉತ್ತಮ ರೈಫಲ್ ಏದುಸಿರು ಬಿಡುವ ಬೇಟೆಗಾರನ ಕೈಯಲ್ಲಿ ಎರಡು ಮಿನಿಟ್ ಕೊಟ್ಟರೆ, 500 ಗಜದಲ್ಲಿ ಅದು 26 ಸೆಂ.ಮೀ. ಅಂದರೆ ಗಾಳಿಯ ಲೆಕ್ಕ ಹಿಡಿಯುವ ಮೊದಲೇ ಆ ವೃತ್ತ ತುಂಬಿಹೋಗಿರುತ್ತದೆ.

ಗಾಳಿಯನ್ನು ಯಾವ ಸ್ಕೋಪೂ ಅಳೆಯಲಾರದು. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ ಮೇಲಿನ ಗುಂಡನ್ನು 500 ಗಜದಲ್ಲಿ ಸುಮಾರು ಅರ್ಧ ಮೀಟರ್ ಪಕ್ಕಕ್ಕೆ ಸರಿಸುತ್ತದೆ. ಬೇಟೆಗಾರ ಗಾಳಿಯನ್ನು ಗಂಟೆಗೆ 8 ಕಿ.ಮೀ.ನಷ್ಟು ತಪ್ಪಾಗಿ ಅಂದಾಜಿಸಿದರೆ ಗುಂಡು ಎದೆಯ ಮಧ್ಯದಿಂದ 25 ಸೆಂ.ಮೀ. ಆಚೆ ಹೊಟ್ಟೆಗೆ ಬೀಳಬಹುದು. ತಾನು ಕುಳಿತ ದಿಬ್ಬದ ಮೇಲಿನ ಗಾಳಿ, ನಡುವಿನ ಕಣಿವೆಯ ಗಾಳಿ, ಪ್ರಾಣಿ ನಿಂತ ಇಳಿಜಾರಿನ ಗಾಳಿ ಮೂರೂ ಬೇರೆ ಬೇರೆ ದಿಕ್ಕಿನಲ್ಲಿರುವುದು ಪರ್ವತಗಳಲ್ಲಿ ಅಪರೂಪವಲ್ಲ. ದೂರದ ಅಂದಾಜಿನಲ್ಲಿ 20 ಗಜ ತಪ್ಪಿದರೂ ಅದೇ ದೂರದಲ್ಲಿ 15 ಸೆಂ.ಮೀ.ನಷ್ಟು ಎತ್ತರದ ದೋಷವಾಗುತ್ತದೆ. ಇಳಿಜಾರಿನ ಕೋನವನ್ನೂ ಗಣಿಸಬೇಕು: 30 ಡಿಗ್ರಿ ಇಳಿಜಾರಿನಲ್ಲಿ 500 ಗಜ ದೂರದ ಪ್ರಾಣಿಗೆ 433 ಗಜಕ್ಕೆಂಬಂತೆ ಗುರಿಯಿಡಬೇಕಾಗುತ್ತದೆ. ಇದರ ಮೇಲೆ, ಗುಂಡು 500 ಗಜ ಸಾಗಲು ಸೆಕೆಂಡಿನ ಮೂರನೆಯ ಎರಡು ಭಾಗ ಬೇಕು. ಅಷ್ಟರಲ್ಲಿ ಮೇಯುತ್ತಿರುವ ಜಿಂಕೆ ಒಂದು ಹೆಜ್ಜೆ ಮುಂದಿಟ್ಟರೆ ಸರಿಯಾದ ಲೆಕ್ಕವೂ ಸುಳ್ಳಾಗುತ್ತದೆ.

ಹೊಟ್ಟೆಗೆ ಗುಂಡು ತಗುಲಿದ ಪ್ರಾಣಿ ಗಂಟೆಗಟ್ಟಲೆ ನರಳಬಹುದು, ಬಹುದೂರ ಹೋಗಬಹುದು. ಕಣಿವೆಯ ಈ ಬದಿಯಿಂದ ಹೊಡೆದವನು ಆ ಬದಿಗೆ ತಲುಪುವಷ್ಟರಲ್ಲಿ ಕತ್ತಲಾಗಿರುತ್ತದೆ, ಏಟು ಬಿದ್ದ ನಿಖರ ಜಾಗವೂ ಗುರುತು ಸಿಗುವುದಿಲ್ಲ. ಏಟೇ ಬಿದ್ದಿಲ್ಲವೆಂದು ಭಾವಿಸಿ ಹುಡುಕದೆ ಬಿಡುವ ಪ್ರಸಂಗಗಳೂ ಇವೆ. ಅನುಭವಿ ಮಾರ್ಗದರ್ಶಕರು ಬೇಟೆಗಾರನಿಗೆ ಸ್ಕೋಪಿನ ಬೆಲೆಯನ್ನು ಕೇಳುವುದಿಲ್ಲ. ನೆಲದ ಮೇಲೆ ಮಲಗಿಯೋ ಚೀಲಕ್ಕೆ ಒರಗಿಯೋ, ಗಾಳಿಯಿರುವ ದಿನ, ಮೊದಲ ಗುಂಡಿನಲ್ಲೇ ಎಷ್ಟು ದೂರದ ಊಟದ ತಟ್ಟೆಗೆ ಪ್ರತಿಬಾರಿಯೂ ಹೊಡೆಯಬಲ್ಲ ಎಂದು ಕೇಳುತ್ತಾರೆ. ಹೆಚ್ಚಿನವರಿಗೆ ಆ ದೂರ 300 ಗಜದ ಒಳಗೇ ಇರುತ್ತದೆ.

ನಿಯಮಗಳು

1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಅಮೆರಿಕದ ಬೇಟೆ ನೀತಿಯ ಮೇಲೆ ದೀರ್ಘಕಾಲ ಪ್ರಭಾವ ಬೀರಿದೆ. ಪ್ರಾಣಿಗೆ ತಪ್ಪಿಸಿಕೊಳ್ಳಲು ನ್ಯಾಯವಾದ ಅವಕಾಶವಿರಬೇಕೆಂಬುದು ಅದರ ತತ್ತ್ವ. ದೂರವನ್ನು ತಾನೇ ಅಳೆಯುವ ವಿದ್ಯುನ್ಮಾನ ಸ್ಕೋಪು, ರಾತ್ರಿದರ್ಶಕ ಅಥವಾ ಉಷ್ಣದರ್ಶಕಗಳ ನೆರವಿನಿಂದ ಕೊಂದ ಪ್ರಾಣಿಗಳನ್ನು ಈ ಕ್ಲಬ್ಬು ತನ್ನ ದಾಖಲೆ ಪುಸ್ತಕಕ್ಕೆ ಸೇರಿಸುವುದಿಲ್ಲ. ಐಡಹೊ ರಾಜ್ಯದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಬಳಸುವ ಬಂದೂಕಿನ ಮೇಲೆ ಗೆರೆಗಳನ್ನು ಬೆಳಗಿಸುವ ದೀಪದ ಹೊರತು ಬೇರೆ ವಿದ್ಯುನ್ಮಾನ ಸಾಧನವಿರಬಾರದೆಂಬ ನಿಯಮವಿದೆ. ಸ್ಕೋಪು ಮತ್ತು ಪಟ್ಟಿಯೂ ಸೇರಿದಂತೆ ಬಂದೂಕಿನ ತೂಕ 16 ಪೌಂಡ್ (ಸುಮಾರು 7.3 ಕಿ.ಗ್ರಾಂ) ಮೀರುವಂತಿಲ್ಲ. ಅತಿದೂರದ ಹೊಡೆತಕ್ಕೆಂದೇ ಕಟ್ಟಿದ ಭಾರಿ ಬಂದೂಕುಗಳು ಈ ತೂಕದ ಮಿತಿಯಿಂದಲೇ ಹೊರಗುಳಿಯುತ್ತವೆ.

ಭಾರತದಲ್ಲಿ

ಭಾರತದಲ್ಲಿ 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಪ್ರಕಾರ ವನ್ಯಪ್ರಾಣಿಗಳ ಬೇಟೆ ಅಪರಾಧವಾಗಿದೆ. ಮನುಷ್ಯರ ಪ್ರಾಣಕ್ಕೆ ಅಪಾಯ ತಂದ ಪ್ರಾಣಿಯಂಥ ಕೆಲವೇ ಸಂದರ್ಭಗಳಲ್ಲಿ ಅಧಿಕಾರಿಗಳ ಲಿಖಿತ ಆದೇಶದ ಮೇರೆಗೆ ಮಾತ್ರ ವಿನಾಯಿತಿಯಿದೆ. ಆದ್ದರಿಂದ ದೂರವ್ಯಾಪ್ತಿಯ ಬೇಟೆಯ ಸ್ಕೋಪು ಇಲ್ಲಿ ಆಯ್ಕೆಯ ಪ್ರಶ್ನೆಯಾಗಿ ಉಳಿದಿಲ್ಲ.

ಕಾಯ್ದೆಗೆ ಮುನ್ನವೂ ದಕ್ಷಿಣ ಭಾರತದ ಶಿಕಾರಿ ಪರಂಪರೆ ಹತ್ತಿರದ ಹೊಡೆತಗಳದ್ದಾಗಿತ್ತು. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು' ಅನುವಾದ ಮಾಲೆಯ ಮೂಲಕ ಕನ್ನಡ ಓದುಗರಿಗೆ ಪರಿಚಿತನಾದ ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ಬಳಸುತ್ತಿದ್ದುದು .405 ವಿಂಚೆಸ್ಟರ್ ರೈಫಲ್. ಮಚಾನಿನ ಮೇಲಿನಿಂದ ಕೆಲವೇ ಗಜಗಳ ದೂರದಲ್ಲಿ, ಟಾರ್ಚಿನ ಬೆಳಕಿನಲ್ಲಿ ನರಭಕ್ಷಕಗಳನ್ನು ಎದುರಿಸುತ್ತಿದ್ದವನಿಗೆ ದೂರದರ್ಶಕದ ಅಗತ್ಯ ಬೀಳುತ್ತಿರಲಿಲ್ಲ. ಇಂದು ಭಾರತೀಯರು ಹೆಸರು ಮಾಡಿರುವ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲೂ ದೂರದರ್ಶಕ ಗುರಿಗಳಿಗೆ ಅನುಮತಿಯಿಲ್ಲ, ಸ್ಪರ್ಧಿಗಳು ಸಣ್ಣ ರಂಧ್ರದ ಹಿಂಗುರಿಯನ್ನು ಬಳಸುತ್ತಾರೆ.